ಮೊಂಡುಮರಕ್ಕೆ ಮರ್ಯಾದೆ

ನನ್ನ ಅತ್ತೆಯನ್ನು ನಾನು ಏಕವಚನದಲ್ಲಿ ಹೇಳಿದರೆ ಹೊರಗಿನವರು ಹುಬ್ಬೇರಿಸುತ್ತಾರೆ. ಏರಿಸಲಿ. ನಮ್ಮೂರಿನಲ್ಲಿ ಬಹುವಚನ ಇರುವುದು ದಾರಿ ಕೇಳಿಕೊಂಡು ಬಂದವರಿಗೆ, ಕಂದಾಯಕ್ಕೆ ಬಂದವರಿಗೆ ಮತ್ತು ಹಾವಿಗೆ. ಮಿಕ್ಕವರೆಲ್ಲ ನಮ್ಮವರು, ನಮ್ಮವರಿಗೆ ಬೈಗುಳ. 'ಉಂಡೇನೋ ಹಾಳಾದೋನೇ?' ಎಂದು ಕೂಗು ಕೇಳಿಸಿದರೆ ಆ ಮನೆಯಲ್ಲಿ ಎಲ್ಲ ನೆಟ್ಟಗಿದೆ ಎಂದು ಅರ್ಥ. 'ತಮ್ಮದು ಊಟ ಆಯಿತೇ?' ಎಂದು ಗಂಡ ಹೆಂಡತಿಯನ್ನು ಕೇಳಿದ ದಿನ ಅಕ್ಕಪಕ್ಕದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನ್ಯಾಯ ಕೂಡಿಸುತ್ತಾರೆ.

ಇದಕ್ಕೆಲ್ಲ ಕಾರಣ ಮೊಂಡುಮರ. ಊರಿನ ಪಡುವಣಕ್ಕೆ, ಹೊಳೆ ತಿರುಗುವ ಜಾಗದಲ್ಲಿ ಅದರ ತೋಪಿದೆ. ತೊಗಟೆಗೆ ಕಚ್ಚು ಹಾಕಿ, ಕೆಳಗೊಂದು ತೆಂಗಿನ ಕರಟ ಕಟ್ಟಿ, ಎದುರಿಗೆ ನಿಂತು ಬೈದರೆ ಅಂಟು ಒಸರುತ್ತದೆ. ಬೈಯದಿದ್ದರೆ ಇಲ್ಲ. ನೀರೆರೆದರೆ ಇಲ್ಲ, ಗೊಬ್ಬರ ಹಾಕಿದರೆ ಇಲ್ಲ, ಕೈಮುಗಿದರಂತೂ ಹೊರಗೆ ಬಂದದ್ದನ್ನೂ ಒಳಗೆ ಎಳೆದುಕೊಳ್ಳುತ್ತದೆ. ಆ ಅಂಟಿನಿಂದ ಒಡೆದ ಮಡಕೆ, ಬಿರಿದ ದೋಣಿ, ಸೀಳಿದ ನೇಗಿಲು, ಒಡೆದ ಹಿಮ್ಮಡಿ ಎಲ್ಲವೂ ಕೂಡುತ್ತವೆ. ಕೂಡಿದ ಜಾಗ ಯಾವುದೆಂದು ಆಮೇಲೆ ಬೆರಳಾಡಿಸಿದರೂ ಸಿಕ್ಕುವುದಿಲ್ಲ. ಒಂದೇ ತೊಂದರೆ, ಹೊತ್ತು ಮುಳುಗುವುದರೊಳಗೆ ಬಳಸದಿದ್ದರೆ ಅದು ಕರಟದಲ್ಲೇ ಕಲ್ಲಾಗುತ್ತದೆ. ಹಾಗಾಗಿ ಸುತ್ತಲಿನ ಹಳ್ಳಿಗಳವರೆಲ್ಲ ತಮ್ಮ ತಮ್ಮ ಒಡಕುಗಳನ್ನು ಹೊತ್ತುಕೊಂಡು ನಮ್ಮೂರಿಗೇ ಬರುತ್ತಾರೆ. ಊರು ಉಣ್ಣುವುದು ಅದರಿಂದ.

ನಾನು ಹುಟ್ಟಿದ್ದು ಇಲ್ಲಲ್ಲ. ನನ್ನ ತಂದೆ ದೂರದ ಪೇಟೆಯೊಂದರಲ್ಲಿ ಮಿಷನ್ ಶಾಲೆಯ ಮೇಷ್ಟರು. ನಮ್ಮ ಮನೆಯಲ್ಲಿ ಹಾಲು ಕದ್ದ ಬೆಕ್ಕನ್ನೂ 'ಹೀಗೆ ಮಾಡಬಾರದಮ್ಮ' ಎಂದು ಕೂರಿಸಿಕೊಂಡು ಹೇಳುತ್ತಿದ್ದರು. ನನಗೆ ಸುಭಾಷಿಣಿ ಎಂದು ಹೆಸರಿಟ್ಟು ಆ ಹೆಸರಿಗೆ ತಕ್ಕಂತೆ ಸಾಕಿದರು, ಶಾಲೆಯ ದೊರೆಸಾನಿಯ ಹತ್ತಿರ ದೊರೆಗಳ ಭಾಷೆಯನ್ನೂ ಕಲಿಸಿದರು. ಬಿರುಕು ಬಿಟ್ಟ ಶಾಲೆಯ ಗಂಟೆಯನ್ನು ಹೊತ್ತುಕೊಂಡು ಹೋಗಿ, ಹೊಸದರಂತೆ ಮಾಡಿ ತಂದುಕೊಟ್ಟ ಚೆಲುವಯ್ಯನನ್ನು ಮೆಚ್ಚಿ ಅವನಿಗೇ ನನ್ನನ್ನು ಧಾರೆಯೆರೆದರು. ಅವನ ಊರಿನ ಮಾತಿನ ರೀತಿ ಹೀಗಿದೆ ಎಂದು ವಿಚಾರಿಸಲಿಲ್ಲ. ಪಾಪ, ವಿಚಾರಿಸುವುದೂ ಅವರಿಗೆ ಮರ್ಯಾದೆಗೆ ಕಡಿಮೆ ಅನ್ನಿಸಿರಬೇಕು.

ಮನೆ ತುಂಬಿಸಿಕೊಳ್ಳುವ ದಿನ ನಾನು ಹೊಸ್ತಿಲ ಹತ್ತಿರ ಬರುತ್ತಿದ್ದಂತೆ ನನ್ನ ಅತ್ತೆ ದ್ಯಾವೀರಮ್ಮ ಊರೆಲ್ಲ ಕೇಳುವ ಹಾಗೆ, "ಕಣ್ಣು ಬಿಟ್ಕಂಡು ಕಾಲಿಡೇ ಮೂದೇವಿ, ಎಡವಿ ಬಿದ್ದು ಹಲ್ಲು ಮುರ್ಕಂಡೀಯ!" ಎಂದಳು. ನೆರೆದ ಹೆಂಗಸರೆಲ್ಲ ಸಂತೋಷದಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಅಷ್ಟು ಬೇಗ ಸೊಸೆಯನ್ನು ಬೈದದ್ದು ಆ ಬೀದಿಯಲ್ಲಿ ಅದೇ ಮೊದಲಂತೆ. ನನಗೇನು ಗೊತ್ತು? ನಾನು ಅಲ್ಲೇ ಹೊಸ್ತಿಲ ಮೇಲೆ ಕುಕ್ಕರಿಸಿ, 'ನಮ್ಮಪ್ಪನ ಹತ್ತಿರ ಹೋಗುತ್ತೇನೆ' ಎಂದು ಗೋಳೋ ಎಂದು ಅತ್ತುಬಿಟ್ಟೆ.

ಅತ್ತೆಯ ಮುಖ ಬಾಡಿತು. ಮಾರನೆಯ ಬೆಳಿಗ್ಗೆ ನನ್ನ ಚಾಪೆಯ ಹತ್ತಿರ ಬಂದು, "ಎದ್ರಾ? ಮುಖ ತೊಳ್ಕೊಳ್ಳಿ. ಗಂಜಿ ಆರ್ತದೆ" ಎಂದಳು. ನಾನು ಪೆದ್ದಿ, ಗೆದ್ದೆ ಎಂದುಕೊಂಡೆ.

ಸೋತದ್ದು ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಅತ್ತೆ ಮಗನನ್ನು ಬೈಯುತ್ತಿದ್ದಳು, ಕರುವನ್ನು ಬೈಯುತ್ತಿದ್ದಳು, ಒಲೆಯನ್ನು, ಒನಕೆಯನ್ನು, ಬಾಗಿಲಿಗೆ ಬಂದ ಬಳೆಗಾರನನ್ನು ಬಾಯಿ ತುಂಬ ಬೈಯುತ್ತಿದ್ದಳು. ನನಗೆ ಮಾತ್ರ 'ಬನ್ನಿ, ಕೂತ್ಕೊಳ್ಳಿ, ಇನ್ನೊಂಚೂರು ಬಡಿಸ್ಲಾ?' ಆ ಮನೆಯಲ್ಲಿ ನನ್ನಷ್ಟು ಗೌರವ ಇದ್ದದ್ದು ಕಂದಾಯದವನಿಗೆ ಮಾತ್ರ. ರೂಢಿಯಂತೆ ನನ್ನ ಹೆಸರಿಗೂ ಒಂದು ಮರ ಬಿಟ್ಟುಕೊಟ್ಟಿದ್ದರು. ಸೊಸೆಯ ಮರ ಒಸರಿದ ದಿನವೇ ಅವಳು ಆ ಮನೆಯವಳಾಗುವುದು. ನಾನು ದಿನಾ ಹೋಗಿ ಅದರ ಮುಂದೆ ನಿಂತು, ಧೈರ್ಯ ತಂದುಕೊಂಡು, 'ನೀನು... ಅಷ್ಟೇನೂ ಒಳ್ಳೆಯದಲ್ಲ' ಎನ್ನುತ್ತಿದ್ದೆ. ಅಕ್ಕಪಕ್ಕದ ಮರಗಳ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನ ಕರಟದಲ್ಲಿ ಜೇಡ ಬಲೆ ಕಟ್ಟಿತು.

ಹೀಗಿರುವಾಗ ಬಂದರು ಮಾದರಿ ದೊರೆಗಳು. ಅವರ ಹೆಸರು ಬೇರೆಯೇ ಇತ್ತು, ನಮ್ಮವರ ನಾಲಿಗೆಗೆ ಹತ್ತಲಿಲ್ಲ. ಕಡಲಾಚೆ ಚಕ್ರವರ್ತಿಗಳ ರಾಜಧಾನಿಯಲ್ಲಿ ಒಂದು ಮಹಾ ಸಂಸ್ಥೆ ಕಟ್ಟಿದ್ದರಂತೆ. ಅವರು ಆಳುವ ಸೀಮೆಗಳ ಸರ್ಕಾರಗಳೆಲ್ಲ ತಂತಮ್ಮಲ್ಲಿ ಏನು ಬೆಳೆಯುತ್ತದೆ, ಏನು ಅಗೆದರೆ ಸಿಗುತ್ತದೆ, ಯಾವುದು ಯಾವ ಸಂತೆಯಲ್ಲಿ ಬಿಕರಿಯಾಗುತ್ತದೆ ಎಂದು ಅಲ್ಲಿಗೆ ತಿಳಿಸಬೇಕಂತೆ. ತಿಳಿಸಿದರೆ ಸಾಲದು, ಪ್ರತಿಯೊಂದರ ಮಾದರಿಯನ್ನೂ ಕಳಿಸಬೇಕು. ಅಲ್ಲಿ ಒಂದೊಂದು ಸೀಮೆಗೆ ಒಂದೊಂದು ಗಾಜಿನ ಬೀರು. ಆ ಬೀರು ತುಂಬಿಸಲು ದೊರೆಗಳು ಹಳ್ಳಿ ಹಳ್ಳಿ ಸುತ್ತುತ್ತಿದ್ದರು. ನಮ್ಮವರು ಆ ಸಂಸ್ಥೆಗೆ 'ಉಗ್ರಾಣ' ಎಂದು ಹೆಸರಿಟ್ಟರು.

"ಅಲ್ಲ, ಸ್ವಂತ ಉಗ್ರಾಣ ತುಂಬಿರೋರು ಪಕ್ಕದ ಮನೆ ಗಡಿಗೆ ಯಾಕ್ ಇಣುಕಿ ನೋಡ್ತಾರೆ?" ಎಂದು ಪಟೇಲ ಮರಿಬಸಪ್ಪ ಚಾವಡಿಯಲ್ಲಿ ಕೇಳಿದ. ಯಾರೂ ನಗಲಿಲ್ಲ. ಮೇಲೂರಿನವರ ಪಾಡು ಎಲ್ಲರಿಗೂ ಗೊತ್ತಿತ್ತು.

ಮೇಲೂರಿನಲ್ಲಿ ನೀಲಿ ಮಣ್ಣು ಸಿಗುತ್ತಿತ್ತು. ಬಟ್ಟೆಗೆ ಹಚ್ಚಿದರೆ ಬಟ್ಟೆ ಹರಿದರೂ ಬಣ್ಣ ಹೋಗದು. ಅದರ ಮಾದರಿ ಉಗ್ರಾಣಕ್ಕೆ ಹೋಯಿತು, 'ಅತ್ಯುತ್ತಮ' ಎಂದು ಉತ್ತರ ಬಂತು. ಮೇಲೂರಿನವರು ಆ ಉತ್ತರವನ್ನು ತಟ್ಟೆಯಲ್ಲಿಟ್ಟು ತಮಟೆ ಬಡಿಸಿಕೊಂಡು ಮೆರೆಸಿದರು. ಮರುವರ್ಷ ಬೇಲಿ ಬಂತು, ಬೇಲಿಗೆ ಕಾವಲು ಬಂತು. ತಾತನ ಕಾಲದಿಂದ ತಾವೇ ಅಗೆದ ಗುಂಡಿಗೆ ಇಳಿಯಲು ಮೇಲೂರಿನವರು ಈಗ ರಹದಾರಿ ತೋರಿಸಬೇಕು. ಸರ್ಕಾರ ಅದಕ್ಕೆ 'ರಕ್ಷಣೆ' ಎನ್ನುತ್ತಿತ್ತು. ಬೈದು ಹೇಳೋರು ಬದುಕೋಕೆ ಹೇಳ್ತಾರೆ, ನಕ್ಕು ಹೇಳೋರು ಕೆಡೋಕೆ ಹೇಳ್ತಾರೆ ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ. ಉಗ್ರಾಣ ಹೊಗಳಿದರೆ ಊರು ಹೋಯಿತು ಎಂದೇ ಲೆಕ್ಕ.

ಆದ್ದರಿಂದ ದೊರೆಗಳು ಹೊಳೆದಂಡೆಯ ಬಂಗಲೆಯಲ್ಲಿ ಇಳಿದುಕೊಂಡು ಪಟೇಲನನ್ನು ಕರೆಸಿ, ತಮ್ಮ ಅಡಿಗೆಯವನ ಅರೆಬರೆ ಮಾತಿನಲ್ಲಿ ಕೇಳಿಸಿದಾಗ ಅವನು, "ನಮ್ಮೂರಾಗೆ ರಾಗಿ ಬೆಳೀತದೆ, ಹುರುಳಿ ಬೆಳೀತದೆ, ಜಗಳ ಬೆಳೀತದೆ. ಬೇರೆ ಏನೂ ಇಲ್ಲ ಬುದ್ಧಿ" ಎಂದುಬಿಟ್ಟ. ದೊರೆಗಳು ಗಂಟುಮೂಟೆ ಕಟ್ಟಿಸಿದರು. ಕಟ್ಟಿಸುವಾಗ ಅವರ ಪಿಂಗಾಣಿ ಬಟ್ಟಲು ಕೈಜಾರಿ ಬಿದ್ದು ಚೂರಾಯಿತು. ಅದು ಅವರ ತಾಯಿ ಕೊಟ್ಟದ್ದಂತೆ. ಅವರ ಅಡಿಗೆಯವನು ಆ ಚೂರುಗಳನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಬಂದು ನನ್ನ ಗಂಡನ ಮುಂದಿಟ್ಟ. ನನ್ನ ಗಂಡನಿಗೆ ಕೈಕೆಲಸದ ಜಂಬ. ಪಿಂಗಾಣಿಯನ್ನು ಅವನು ಅದುವರೆಗೆ ಮುಟ್ಟಿರಲಿಲ್ಲ ಬೇರೆ. ದೊರೆಗಳು ಆ ಬಟ್ಟಲನ್ನು ಬಿಸಿಲಿಗೆ ಹಿಡಿದು ಅತ್ತ ಇತ್ತ ತಿರುಗಿಸಿ, ಗಂಟು ಬಿಚ್ಚಿ ಎಂದರು.

"ಅಯ್ಯೋ ಎಡಬಿಡಂಗಿ, ಒಂದು ಗೆರೆ ಕಾಣೋ ಹಂಗೆ ಅಂಟಿಸಿದ್ದಿದ್ರೆ ನಿನ್ನ ಕೈ ಸೇದೋಗ್ತಿತ್ತೇನೋ?" ಎಂದು ಅತ್ತೆ ಮಗನಿಗೆ ಬೈದ ಬೈಗುಳ ಆವತ್ತು ಮಾತ್ರ ಬರೀ ಪ್ರೀತಿಯದಾಗಿರಲಿಲ್ಲ.

ಇನ್ನು ಮುಚ್ಚಿಟ್ಟು ಉಪಯೋಗವಿರಲಿಲ್ಲ. ಅಂಟು ಎಲ್ಲಿಂದ ಬಂತು, ಹೇಗೆ ತೆಗೆಯುತ್ತೀರಿ, ಎದುರಿಗೇ ಮಾಡಿ ತೋರಿಸಿ ಎಂದು ದೊರೆಗಳು ತೋಪಿಗೇ ಬಂದರು. ಊರಿನಲ್ಲಿ ಅವರ ಭಾಷೆ ಬರುತ್ತಿದ್ದದ್ದು ನನಗೊಬ್ಬಳಿಗೆ. ಸೆರಗು ಸರಿಮಾಡಿಕೊಂಡು ಅವರಿಗೂ ಅತ್ತೆಗೂ ನಡುವೆ ನಿಂತೆ. ಅತ್ತೆ ಕಚ್ಚು ಹಾಕಿದಳು, ಕರಟ ಕಟ್ಟಿದಳು, ಸೊಂಟಕ್ಕೆ ಕೈಯಿಟ್ಟು ಮರದ ಮೇಲೆ ಕೆಳಗೆ ಒಂದು ಸಲ ನೋಡಿದಳು.

"ಎಲಾ ಕೂಳಿಗೆ ದಂಡ, ಭೂಮಿಗೆ ಭಾರ! ಹೊಳೆ ನೀರೆಲ್ಲ ಹೀರಿ ಹೊಟ್ಟೆ ಬೆಳೆಸಿದೀಯಲ್ಲ, ಒಂದು ತೊಟ್ಟು ಉಗುಳೋಕೆ ನಿಂಗೇನು ರೋಗ? ನಿಮ್ಮಪ್ಪ ಹಿಂಗೇ ಜುಗ್ಗ, ನಿಮ್ಮಜ್ಜ ಅವನಿಗಿಂತ ಜುಗ್ಗ. ಗೊಡ್ಡೆಮ್ಮೆ ಹಂಗೆ ನಿಂತ್ಕಂಡು ನನ್ನೇ ನೋಡ್ತೀಯಾ? ನಿನ್ನ ಮುಸುಡಿಗೆ ನನ್ನ ಹಳೇ ಪೊರಕೆ ಹಾಕ!"

ಕಚ್ಚಿನ ಬಾಯಲ್ಲಿ ಜೇನುಬಣ್ಣದ ಹನಿಯೊಂದು ಉಬ್ಬಿ, ತಡೆದು, ಇಳಿಯಿತು. ಹಿಂದೆಯೇ ಇನ್ನೊಂದು. ದೊರೆಗಳು ಬಾಯಿ ತೆರೆದು ನಿಂತಿದ್ದವರು ನನ್ನ ಕಡೆ ತಿರುಗಿ, ಆಕೆ ಮರಕ್ಕೆ ಏನು ಹೇಳಿದರು ಎಂದು ಕೇಳಿದರು.

ದೊರೆಸಾನಿ ನನಗೆ ಕಲಿಸಿದ್ದ ಅವರ ಭಾಷೆಯಲ್ಲಿ ದಯವಿಟ್ಟು ಇತ್ತು, ಕ್ಷಮಿಸಿ ಇತ್ತು, ತಮ್ಮ ಕೃಪೆಯಿಂದ ಕ್ಷೇಮ ಇತ್ತು. ಜುಗ್ಗ ಇರಲಿಲ್ಲ, ಮುಸುಡಿಯಂತೂ ಇರಲೇ ಇಲ್ಲ. ಇದ್ದಿದ್ದರೂ ನಮ್ಮಪ್ಪನ ಮಗಳ ಬಾಯಿಂದ ಹೊರಡುತ್ತಿತ್ತೇ? ಇದ್ದ ಮಾತುಗಳಲ್ಲೇ ಹೊಂದಿಸಿ ಹೇಳಿದೆ. 'ಪೂಜ್ಯ ವೃಕ್ಷವೇ, ತಾವು ಈ ಭೂಮಿಯ ಮೇಲೆ ಬಹಳ ತೂಕವುಳ್ಳವರು. ನದಿಯ ಜಲವನ್ನು ಸೇವಿಸಿ ಪುಷ್ಟರಾಗಿದ್ದೀರಿ. ತಮ್ಮ ಆರೋಗ್ಯ ಅನುಮತಿಸಿದರೆ ಒಂದು ಹನಿಯನ್ನು ದಯಪಾಲಿಸಬೇಕು. ತಮ್ಮ ತಂದೆಯವರೂ ಅಜ್ಜನವರೂ ಮಿತವ್ಯಯಕ್ಕೆ ಹೆಸರಾದವರು.' ಪೊರಕೆಯ ಹತ್ತಿರ ಬಂದಾಗ ಸ್ವಲ್ಪ ತಡವರಿಸಿ, 'ನಮ್ಮ ಮನೆಯ ಪುರಾತನ ವಸ್ತುವೊಂದನ್ನು ತಮ್ಮ ಮುಖಕ್ಕೆ ಅರ್ಪಿಸುತ್ತೇನೆ' ಎಂದೆ.

ದೊರೆಗಳು ಟೋಪಿ ತೆಗೆದರು. ಪ್ರಾರ್ಥನೆ ಎಂದು ಬರೆದುಕೊಂಡರು.

ಬಹಳ ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಮುಂದೆ ಆಗುವುದನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರು. ಅಂಟು ಕಲ್ಲಾಗುವ ವಸ್ತುವಾದ್ದರಿಂದ ಜೀವಂತ ಸಸಿಗಳನ್ನೇ ಉಗ್ರಾಣಕ್ಕೆ ಒಯ್ಯುತ್ತಾರೆ. ಅಲ್ಲಿ ಗಾಜಿನ ಮನೆಯಲ್ಲಿ ನೆಡುತ್ತಾರೆ. ಮೊಂಡುಮರ ನೆಟ್ಟ ವರ್ಷವೇ ಕರಟ ಕಟ್ಟಿಸಿಕೊಳ್ಳುವ ಜಾತಿ. ಒಂದು ಹನಿ ಒಸರಿದರೂ ಸಾಕು, ತೋಪಿಗೆ ತೋಪನ್ನೇ ಸರ್ಕಾರ ತನ್ನ ರಕ್ಷಣೆಗೆ ತೆಗೆದುಕೊಳ್ಳುತ್ತದೆ. ಆ ಮಾತು ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು, ನಮಗೆ ಹಬ್ಬದ ಸುದ್ದಿ ಕೊಡುತ್ತಿದ್ದೇನೆ ಎಂದೇ ಅವರ ನಂಬಿಕೆ. ಎರಡು ಸಸಿಗಳನ್ನು ಬೇರಿನ ಮಣ್ಣಿನ ಸಮೇತ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಗಾಡಿ ಹತ್ತಿದರು.

ಮನೆಗೆ ಬಂದ ಮೇಲೆ ಅತ್ತೆ, "ನಾನಂದಿದ್ದನ್ನ ಅವ್ನಿಗೆ ಏನಂತ ಹೇಳಿದ್ರಿ?" ಎಂದು ಕೇಳಿದಳು. ಹೇಳಿದೆ. ಅವಳು "ಹಂಗಂದ್ರಾ" ಎಂದು ಒಳಗೆ ಹೋದಳು. ನನ್ನ ಗಂಡ ಮಾತ್ರ ಕೂತಲ್ಲಿಂದ ಎದ್ದೇ ನಿಂತ. "ಏ ಪೆದ್ದಿ, ಅಲ್ಲಿ ಅವ್ರೂ ಹಂಗೇ ಅಂದ್ರೆ ಮರ ಒಸರಲ್ಲ ಕಣೇ!" ಎಂದ.

ಆ ಮಾತು ಸಂಜೆಯೊಳಗೆ ಊರೆಲ್ಲ ಹರಡಿತು. ಆಸೆ ಹುಟ್ಟಿತು, ಆಸೆಯ ಜೊತೆಗೆ ಹೊಸ ಭಯವೂ ಹುಟ್ಟಿತು. ದೊರೆಗಳೇನೋ ಮರ್ಯಾದಸ್ತರು. ಆದರೆ ಆ ಗಾಜಿನ ಮನೆಗೆ ನೀರು ಹಾಕುವ ಮಾಲಿ ಇರುವುದಿಲ್ಲವೇ? ಅವನ ಕಾಲ್ಬೆರಳಿಗೆ ಯಾವತ್ತೋ ಒಂದು ಕಲ್ಲು ತಗುಲಿ, ಬಾಯಿಂದ ಒಂದು ಮಾತು ಜಾರಿದರೆ ಮುಗಿಯಿತು. ಊರಿಗೆ ಊರೇ ಆ ವರ್ಷ ಕಾಣದ ಮಾಲಿಯೊಬ್ಬನ ಕಾಲ್ಬೆರಳನ್ನು ಕಾಪಾಡು ಎಂದು ಹರಕೆ ಹೊತ್ತಿತು. ಗಾಳಿ ಜೋರಾಗಿ ಬೀಸಿದರೆ ಪಟೇಲ, "ಅಲ್ಲೇನಾದ್ರೂ ಅವನು ಜಾರಿ ಬಿದ್ನೋ ಏನೋ" ಎಂದು ಎದೆ ಹಿಡಿದುಕೊಳ್ಳುತ್ತಿದ್ದ.

ನನ್ನ ಭಯ ಬೇರೆಯೇ ಇತ್ತು, ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ತೋಪು ಹೋದರೆ ನನ್ನ ಮರವೂ ಹೋಗುತ್ತದೆ. ಉಳಿದವರು ಅಂಟು ಕಳೆದುಕೊಳ್ಳುತ್ತಾರೆ. ನಾನು ಒಸರದ ಮರದ ಸೊಸೆಯಾಗಿ, ಬಹುವಚನದಲ್ಲೇ ಮುದುಕಿಯಾಗಿ, ಬಹುವಚನದಲ್ಲೇ ಸಾಯಬೇಕು. 'ಮಲಗಿದ್ರಾ?' ಎಂದು ಅತ್ತೆ ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ವರ್ಷ ತಿರುಗಿದ ಮೇಲೆ ದೊರೆಗಳ ಕಡೆಯ ಜವಾನ ಒಂದು ಕಾಗದ ತಂದ. ಉಗ್ರಾಣದವರು ಸರ್ಕಾರದ ಮೂಲಕ ಕೇಳಿ ಕಳಿಸಿದ್ದರು. ಸಸಿಗಳು ಆಳೆತ್ತರ ಬೆಳೆದು ಸೊಂಪಾಗಿವೆ, ತಪ್ಪದೆ ಪ್ರಾರ್ಥನೆ ಸಲ್ಲುತ್ತಿದೆ, ಒಂದು ಹನಿಯೂ ಬಂದಿಲ್ಲ. ಪ್ರಾರ್ಥನೆಗೆ ಯಾವ ರಾಗ? ಹೇಳುವವರು ನಿಂತಿರಬೇಕೋ ಮಂಡಿಯೂರಬೇಕೋ? ಪುರಾತನ ವಸ್ತು ಎಂದರೆ ಯಾವುದು? ನಾವು ಹಳೆಯ ಬೆಳ್ಳಿ ದೀಪವೊಂದನ್ನು ಅರ್ಪಿಸಿ ನೋಡಿದೆವು, ಸರಿಯೋ ತಪ್ಪೋ ತಿಳಿಸುವುದು.

ಚಾವಡಿಯಲ್ಲಿ ಊರು ಸೇರಿತು. ನಾನು ಅದನ್ನು ಓದಿ ಹೇಳಿದ ಮೇಲೆ ಪಟೇಲ ಮೀಸೆಯ ಮೇಲೆ ಕೈಯಾಡಿಸಿ, "ಮರ್ಯಾದೆ ಸಾಲ್ದು ಅಂತ ಬರಿಯವ್ವ. ಇನ್ನೂ ಜಾಸ್ತಿ ಮರ್ಯಾದೆ ಕೊಡಬೇಕು ಅಂತ ಬರಿ" ಎಂದ.

ಬರೆಯುವುದೇನೋ ಸರಿ, ಆದರೆ ಎಂಥ ಮರ್ಯಾದೆ? ನನಗೆ ಗೊತ್ತಿದ್ದದ್ದನ್ನೆಲ್ಲ ಮೊದಲೇ ಸುರಿದುಬಿಟ್ಟಿದ್ದೆ. ಆಗ ಊರಿನವರೇ ಒಬ್ಬೊಬ್ಬರಾಗಿ ತಮ್ಮ ಕೈಲಾದ ಮರ್ಯಾದೆಯನ್ನು ಕೂಡಿಸತೊಡಗಿದರು. ಪಟೇಲ 'ಮರದಪ್ಪನವರೇ' ಎಂದು ಒಂದು ಮಾತು ಕೊಟ್ಟು, ಅಷ್ಟಕ್ಕೇ ನಾಲಿಗೆ ಕಹಿಯಾಯಿತೆಂದು ಬೆಲ್ಲ ತರಿಸಿಕೊಂಡ. ಬೈಯುವುದರಲ್ಲಿ ಊರಿಗೇ ಹೆಸರಾದ ನನ್ನ ಅತ್ತೆ, ತಾನೂ ಹೇಳುತ್ತೇನೆಂದು ಎದ್ದು ನಿಂತು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, "ಮಾನ್ಯ... ಮಾನ್ಯ ಮುಂಡೇದೇ..." ಎಂದಳು. ಚಾವಡಿಯ ಕಂಬಗಳು ಅಲ್ಲಾಡುವ ಹಾಗೆ ಜನ ನಕ್ಕರು. ಅತ್ತೆಗೆ ನಾಚಿಕೆಯಾಯಿತು. ಅವಳು ನಾಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಕಿವಿಯ ಹತ್ತಿರ ಬಗ್ಗಿ, "ಮುಂಡೇದೇ ಅನ್ನೋದು ತೆಗೀರಿ. ಆ ಜಾಗಕ್ಕೆ ನಿಮ್ಮಪ್ಪನ ಮನೇಲಿ ಏನಂತಾರೆ?" ಎಂದು ಕೇಳಿದಳು.

"ಮಹನೀಯರೇ ಅಂತಾರೆ ಅತ್ತೆ."

"ಮಾನೀಯರೇ" ಎಂದು ಅವಳು ಒಂದೆರಡು ಸಲ ಬಾಯಲ್ಲಿ ಹೊರಳಿಸಿ ನೋಡಿದಳು. "ಥೂ. ಉಪ್ಪಿಲ್ಲದ ಸಾರು ಕುಡ್ದಂಗಾಯ್ತು. ಆದ್ರೂ ನಿಮ್ಮಪ್ಪನ ಮನೆ ಮಾತು ಇಷ್ಟು ಕೆಲಸಕ್ಕೆ ಬರ್ತದೆ ಅಂತ ನಂಗೆ ಗೊತ್ತಿರಲಿಲ್ಲ ಕಣ್ರೀ."

ಅದು ಹೊಗಳಿಕೆ. ಅಂದರೆ, ನಮ್ಮೂರಿನ ಲೆಕ್ಕದಲ್ಲಿ, ನಾನು ಇನ್ನೂ ಹೊರಗಿನವಳು.

ಆದರೂ ಮನಸ್ಸಿಟ್ಟು ಬರೆದೆ. ಪೇಟೆಯಲ್ಲಿ ಕಲಿತದ್ದು, ಊರಿನವರು ಕೊಟ್ಟದ್ದು ಎಲ್ಲ ಸೇರಿಸಿ, ಓದಿದರೆ ಬಾಯಿಗೆ ಸಕ್ಕರೆ ಅಂಟುವಂಥ ಒಂದು ಪ್ರಾರ್ಥನೆ ಮಾಡಿದೆ. ಬೆಳ್ಳಿ ದೀಪ ಸರಿಯಾದದ್ದೇ, ಎರಡು ಮಾಡಿ ಎಂದೆ. ಕೊನೆಗೆ ಒಂದು ಎಚ್ಚರಿಕೆ. ಮರದ ಕಿವಿಗೆ ಬೀಳುವಂತೆ ಯಾರೂ ಒಂದು ಕಟುಮಾತು ಆಡಕೂಡದು, ಒಂದು ಬಿದ್ದರೂ ಅದುವರೆಗಿನ ಪ್ರಾರ್ಥನೆಯೆಲ್ಲ ವ್ಯರ್ಥ. ಮಾಲಿಗಳಿಗೆ ದಪ್ಪ ಪಾದರಕ್ಷೆ ಕೊಡಿಸುವುದು, ನೆಲದ ಕಲ್ಲುಗಳನ್ನು ತೆಗೆಸುವುದು.

ಜವಾನ ಅದನ್ನು ತೆಗೆದುಕೊಂಡು ಹೋದ. ಮತ್ತೆ ಕಾಯುವ ಕೆಲಸ. ಹೊಳೆ ತುಂಬಿತು, ಇಳಿಯಿತು. ನನ್ನ ಗಂಡ ಬಂದ ಒಡಕುಗಳನ್ನೆಲ್ಲ ಅರ್ಜೆಂಟಿನಲ್ಲಿ ಕೂಡಿಸುತ್ತಿದ್ದ, ನಾಳೆ ಅಂಟು ಸಿಕ್ಕುತ್ತದೋ ಇಲ್ಲವೋ ಎಂದು. ಹೆಂಗಸರು ತಂತಮ್ಮ ಮರಗಳ ಮುಂದೆ ನಿಂತು ಬೈಯುತ್ತ ಬೈಯುತ್ತ ನಡುವೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಕೊನೆಗೆ ದೊರೆಗಳೇ ಬಂದರು. ಅವರ ಮುಖ ಇಳಿದುಹೋಗಿತ್ತು. ಇಡೀ ಊರು ಚಾವಡಿಯ ಮುಂದಿನ ಬಿಸಿಲಲ್ಲಿ ನಿಂತಿತ್ತು. ಅವರು ಉಗ್ರಾಣದಿಂದ ಬಂದ ಕಾಗದವನ್ನು ನನ್ನ ಕೈಗೇ ಕೊಟ್ಟರು. ಅತ್ತೆ ನನ್ನ ಪಕ್ಕದಲ್ಲಿ ನಿಂತಿದ್ದಳು, ಅವಳ ಉಸಿರು ನನ್ನ ಭುಜಕ್ಕೆ ತಾಕುತ್ತಿತ್ತು. ನಾನು ಒಂದೊಂದೇ ಸಾಲನ್ನು ನಮ್ಮ ಮಾತಿಗೆ ತಂದು ಗಟ್ಟಿಯಾಗಿ ಹೇಳಿದೆ.

'ಸದರಿ ಮರವು ಯಾವ ಉಪಯೋಗಕ್ಕೂ ಬಾರದು. ಸೌದೆಗೆ ಉರಿಗಿಂತ ಹೊಗೆಯೇ ಹೆಚ್ಚು, ಮರಮುಟ್ಟಿಗೆ ಡೊಂಕು, ನೋಟಕ್ಕೆ ಕುರೂಪ. ಎಷ್ಟು ಗೌರವದಿಂದ ನಡೆಸಿಕೊಂಡರೂ ಒಂದು ಹನಿ ಕೊಡಲಿಲ್ಲ. ಇದನ್ನು ಬೆಳೆಸುವುದು ನೆಲಕ್ಕೆ ದಂಡ. ಸಸಿಗಳನ್ನು ಕಿತ್ತುಹಾಕಲಾಗಿದೆ. ಈ ಊರಿನ ವಿಷಯವಾಗಿ ಸಂಸ್ಥೆಗೆ ಇನ್ನು ಮುಂದೆ ಏನನ್ನೂ ತಿಳಿಸುವ ಅಗತ್ಯವಿಲ್ಲ.'

ಊರು ಉಸಿರು ಬಿಟ್ಟಿತು. ಅಷ್ಟು ಜನ ಒಟ್ಟಿಗೆ ಉಸಿರು ಬಿಟ್ಟರೆ ಸದ್ದಾಗುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು. ಪಟೇಲ ಚಾವಡಿಯ ಮೆಟ್ಟಿಲ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತ. ನಾನು ಕಂಬ ಹಿಡಿದುಕೊಂಡೆ. ಹೋಗಲಿಲ್ಲ, ತೋಪು ಹೋಗಲಿಲ್ಲ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ದೊರೆಗಳು ಪಾಪ, ನಾವು ದುಃಖದಲ್ಲಿದ್ದೇವೆಂದು ತಿಳಿದು ಪಟೇಲನ ಬೆನ್ನು ತಟ್ಟಿ ಸಮಾಧಾನ ಮಾಡಿದರು. "ನಮ್ಮ ಹಣೇಲಿ ಬರೆದಿಲ್ಲ ಬುದ್ಧಿ" ಎಂದು ಅವನು ಬಿಕ್ಕುತ್ತ ಹೇಳಿದ. ಅವರು ಹೋಗುವ ಮುಂಚೆ ಆ ಪಿಂಗಾಣಿ ಬಟ್ಟಲನ್ನು ಚೀಲದಿಂದ ತೆಗೆದು ಇನ್ನೊಂದು ಸಲ ತಿರುಗಿಸಿ ನೋಡಿ, ತಲೆಯಾಡಿಸಿ, ಮತ್ತೆ ಒಳಗಿಟ್ಟುಕೊಂಡರು.

ಗಾಡಿ ಮರೆಯಾಗುವವರೆಗೂ ಎಲ್ಲ ಸರಿಯಿತ್ತು. ಮರೆಯಾದ ಮೇಲೆ ಊರಿಗೆ ಮೆಲ್ಲಗೆ ಸಿಟ್ಟು ಏರಿತು. ಉಪಯೋಗಕ್ಕೆ ಬಾರದು ಅನ್ನಲಿ, ಬೇಡ ಅನ್ನಲಿ. ಅಷ್ಟೊಂದು ಅನ್ನಬೇಕಾಗಿತ್ತೇ? ಪಟೇಲ ಕಣ್ಣೊರೆಸಿಕೊಂಡು, "ಡೊಂಕಂತೆ! ಇವರ ತಾತ ನೆಟ್ಟಗಿದ್ನಾ?" ಎಂದ. ಅತ್ತೆಗೆ ತಾಗಿದ್ದು ಬೇರೆ ಮಾತು.

"ಕುರೂಪ ಅಂದ್ರಾ? ನೋಟಕ್ಕೆ ಕುರೂಪ ಅಂದ್ರಾ?" ಎಂದು ಅವಳು ಮತ್ತೆ ಮತ್ತೆ ಕೇಳಿದಳು. ಆಮೇಲೆ ಏನೋ ಹೊಳೆದವಳಂತೆ ನನ್ನ ರಟ್ಟೆ ಹಿಡಿದುಕೊಂಡಳು. "ಬನ್ನಿ ಇಲ್ಲಿ. ಕಾಗದ ತಗೊಂಡೇ ಬನ್ನಿ."

ತೋಪಿನಲ್ಲಿ ನನ್ನ ಮರದ ಮುಂದೆ ತಂದು ನಿಲ್ಲಿಸಿದಳು. ಒಣಗಿ ಮುಚ್ಚಿಕೊಂಡಿದ್ದ ಹಳೆಯ ಕಚ್ಚನ್ನು ತನ್ನ ಕೈಯಾರೆ ಬಿಡಿಸಿ, ಕರಟದ ಜೇಡರ ಬಲೆಯನ್ನು ಬೆರಳಿನಿಂದ ತೆಗೆದಳು. "ಓದಿ" ಎಂದಳು.

ಓದಿದೆ. ಯಾವ ಉಪಯೋಗಕ್ಕೂ ಬಾರದು. ಹೊಗೆಯೇ ಹೆಚ್ಚು. ಡೊಂಕು. ಕುರೂಪ. ಮರದ ಎಲೆಗಳು ಒಂದು ಸಲ ನಡುಗಿದ ಹಾಗಾಯಿತು, ಗಾಳಿಯೋ ಏನೋ. ಸಸಿಗಳನ್ನು ಕಿತ್ತುಹಾಕಲಾಗಿದೆ ಎಂಬಲ್ಲಿಗೆ ಬಂದಾಗ ನನ್ನ ದನಿ ನಿಂತುಹೋಯಿತು. ಚಾವಡಿಯಲ್ಲಿ ಆ ಸಾಲನ್ನು ನಾನೇ ಗಟ್ಟಿಯಾಗಿ ಹೇಳಿದ್ದೆ, ಬಿಡುಗಡೆಯ ಭರದಲ್ಲಿ ಅದು ಮನಸ್ಸಿಗೆ ಇಳಿದಿರಲಿಲ್ಲ. ಆ ಎರಡು ಸಸಿಗಳು ಕಡಲು ದಾಟಿ ಹೋಗಿ, ಗಾಜಿನ ಮನೆಯಲ್ಲಿ, ದಿನಾ 'ಮಹನೀಯರೇ' ಅನ್ನಿಸಿಕೊಂಡು ಒಂಟಿಯಾಗಿ ನಿಂತಿದ್ದವು. ಹೊಟ್ಟೆ ತುಂಬ ಮರ್ಯಾದೆ, ಒಂದು ಬೈಗುಳಕ್ಕೆ ಗತಿಯಿಲ್ಲ. ಅದು ಹೇಗಿರುತ್ತದೆ ಎಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಾಗದ ಕೈಯಿಂದ ಬಿತ್ತು. ನಾನು ಸೊಂಟಕ್ಕೆ ಕೈಯಿಟ್ಟದ್ದು ನನಗೇ ಗೊತ್ತಾಗಲಿಲ್ಲ.

"ಕೇಳಿಸ್ತೇನೇ ಮೊಂಡೇ? ನಿನ್ನ ಜೊತೆಯವು ಅಲ್ಲಿ ಸತ್ತವಂತೆ ಕಣೇ, ಪ್ರೀತಿಯಿಂದ ಒಂದು ಮಾತು ಬೈಸಿಕೊಳ್ಳದೆ ಸತ್ತವಂತೆ! ನೀನಿಲ್ಲಿ ಹೊಳೆ ಗಾಳಿ ಕುಡಿದುಕೊಂಡು ರಾಣಿಯ ಹಾಗೆ ನಿಂತಿದ್ದೀಯಲ್ಲ, ದಿನಾ ಬಂದು ನಿನ್ನ ಬುಡದಲ್ಲಿ ನಿಂತವಳು ನಿನ್ನ ಕಣ್ಣಿಗೆ ಕಾಣಲಿಲ್ವಾ? ಅಷ್ಟು ದೂರದ ಉಗ್ರಾಣಕ್ಕೆ ಗೊತ್ತಾಯ್ತು ನೀನು ಎಂಥ ದರಿದ್ರ ಮೊದ್ದು ಅಂತ! ನಂಗೆ ಗೊತ್ತಿಲ್ವಾ? ಯಾರಿಗೂ ಬೇಡವಂತೆ ನೀನು, ಹೊಗೆ ಮೂತಿಯವಳೇ, ನಿನ್ನ ಡೊಂಕು ಮುರಿಯ! ಬೇಡದಿದ್ರೆ ಬಿಡಲಿ, ನಂಗೆ ಬೇಕು! ಒಸರೇ! ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದ ಪೀಡೆ, ಒಸರೇ ಅಂದ್ರೆ!"

ತೋಪಿನಲ್ಲಿದ್ದ ಹೆಂಗಸರೆಲ್ಲ ಬೈಯುವುದನ್ನು ನಿಲ್ಲಿಸಿದ್ದರು. ನನ್ನ ಕಣ್ಣಲ್ಲಿ ನೀರು. ಕಚ್ಚಿನ ಬಾಯಲ್ಲಿ ಹನಿಯೊಂದು ಉಬ್ಬಿತು. ಇಳಿಯಿತು. ಮತ್ತೊಂದು. ಆಮೇಲೆ ಹನಿ ಎಂದು ಹೇಳುವ ಹಾಗೆಯೇ ಇರಲಿಲ್ಲ, ಬೆರಳು ಗಾತ್ರದ ಧಾರೆ. ಇಷ್ಟು ವರ್ಷ ಒಳಗಿಟ್ಟುಕೊಂಡದ್ದೆಲ್ಲ ಒಟ್ಟಿಗೆ ಬರುತ್ತಿತ್ತು. ಕರಟ ತುಂಬಿತು, ಅಂಚು ಮೀರಿತು, ನನ್ನ ಸೀರೆಯ ನೆರಿಗೆಯ ಮೇಲೆ, ಪಾದದ ಮೇಲೆ ಸುರಿಯತೊಡಗಿತು. ನಾನು ಮರದ ಹಾಗೆಯೇ ನಿಂತಿದ್ದೆ.

"ಅಯ್ಯೋ ನಿನ್ನ ಮನೆ ಕಾಯ್ವಾಗ! ಬಾಯಿ ಬಿಟ್ಕಂಡು ಏನ್ ನೋಡ್ತಾ ನಿಂತಿದೀಯೇ ಮೂದೇವಿ, ಇನ್ನೊಂದು ಕರಟ ಇಡೇ! ಬಂಗಾರದಂಥ ಅಂಟು ಮಣ್ಣುಪಾಲಾಗ್ತಿದೆ, ಕಾಲಿಗೆ ಮೆತ್ಕಂಡು ಇಲ್ಲೇ ಬೇರು ಬಿಡ್ತೀಯೇನೇ, ಮಂಕುದಿಣ್ಣೆ?"

ಅತ್ತೆಯ ದನಿ ತೋಪಿನ ಆ ತುದಿಗೂ ಕೇಳಿಸಿತು. ಹೊಳೆಯಾಚೆಗೂ ಕೇಳಿಸಿರಬೇಕು. ಅವಳು ಎರಡೂ ಕೈಯಿಂದ ತಲೆ ಚಚ್ಚಿಕೊಳ್ಳುತ್ತಿದ್ದಳು, ಅವಳ ಕಣ್ಣೂ ತುಂಬಿ ಬಂದಿತ್ತು. ಇನ್ನೊಂದು ಕರಟ ನನ್ನ ಕೈಗೆಟಕುವಲ್ಲೇ ಬಿದ್ದಿತ್ತು. ನಾನು ಎತ್ತಿಕೊಳ್ಳಲಿಲ್ಲ. ಇನ್ನೂ ಸ್ವಲ್ಪ ಬೈಯಲಿ ಎಂದು ಹಾಗೇ ನಿಂತುಕೊಂಡೆ.